ಲೀಸೆಲ್ ಸರದಿ

ನಮ್ಮ ಬೀದಿಯಲ್ಲಿ ನಾಲ್ಕು ಮನೆಗೆ ಒಂದೇ ವಾರಪತ್ರಿಕೆ. ಗುರುವಾರ ಬೆಳಿಗ್ಗೆ ಮೂಲೆಯ ಗೂಡಂಗಡಿಗೆ ಕಟ್ಟು ಬಂದು ಬಿದ್ದ ಕೂಡಲೇ ಟ್ರೌಡೆಲ್ ಹೋಗಿ ಒಂದು ಪ್ರತಿ ತರುತ್ತಾಳೆ. ಆಮೇಲೆ ಅದು ದಿನಕ್ಕೊಂದು ಮನೆಯಂತೆ ಕೈಯಿಂದ ಕೈಗೆ ಹೋಗುತ್ತದೆ. ಮೊದಲು ಓದುವವಳಿಗೆ ಸುದ್ದಿ ಬಿಸಿಬಿಸಿ. ಕೊನೆಯವಳಿಗೆ ಎಲ್ಲವೂ ತಂಗಳು, ಏಕೆಂದರೆ ಅಷ್ಟರಲ್ಲಿ ಯಾವ ರಾಣಿ ಯಾವ ಸೊಸೆಯ ಮೇಲೆ ಮುನಿದಿದ್ದಾಳೆ ಎಂಬುದನ್ನು ಉಳಿದವರು ಬೇಲಿಯ ಮೇಲಿಂದಲೇ ಹೇಳಿ ಮುಗಿಸಿರುತ್ತಾರೆ. ಆದರೆ ಪದಬಂಧ ತುಂಬುವ ಹಕ್ಕು ಕೊನೆಯವಳದು. ಅಡುಗೆಯ ಪುಟವನ್ನೋ ಹೆಣಿಗೆಯ ಪುಟವನ್ನೋ ಕತ್ತರಿಸಿ ಇಟ್ಟುಕೊಳ್ಳುವ ಹಕ್ಕೂ ಅವಳದೇ. ಪದಬಂಧದ ಉತ್ತರವನ್ನು ಅಂಚೆ ಕಾರ್ಡಿನಲ್ಲಿ ಬರೆದು ತನ್ನ ಹೆಸರಲ್ಲಿ ಬಹುಮಾನಕ್ಕೆ ಕಳಿಸುವವಳೂ ಅವಳೇ. ಮುಂದಿನ ವಾರ ಸಾಲು ಒಂದು ಮನೆ ಸರಿಯುತ್ತದೆ. ಈ ವಾರ ಮೊದಲು ಓದಿದವಳು ಆಗ ಕೊನೆಯವಳಾಗುತ್ತಾಳೆ. ಬೇರೆಯವರ ಸರದಿಯಲ್ಲಿ ಪದಬಂಧಕ್ಕೆ ಪೆನ್ಸಿಲ್ ತಾಗಿಸುವುದು ಮಹಾಪಾಪ. ಮನಸ್ಸಿನಲ್ಲೇ ಬಿಡಿಸಿಕೊಂಡರೆ ಅಡ್ಡಿಯಿಲ್ಲ.

ಈ ಏರ್ಪಾಡು ಮಾಡಿದವಳು ಟ್ರೌಡೆಲ್ ಪಿಯೋಂಟೆಕ್. ನಾನು ಮದುವೆಯಾಗಿ ಈ ಬೀದಿಗೆ ಬರುವ ಹೊತ್ತಿಗೆ ಅದಾಗಲೇ ಕಾನೂನಾಗಿ ಹೋಗಿತ್ತು. ಬಂದ ಹೊಸತರಲ್ಲಿ ಗೊತ್ತಿಲ್ಲದೆ ನೆರೆಮನೆಯ ಗೆರ್ಡಾಳ ಸರದಿಯ ಪದಬಂಧದಲ್ಲಿ ಎರಡು ಪದ ತುಂಬಿಬಿಟ್ಟೆ. ಗೆರ್ಡಾ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಳು. ಅದರಲ್ಲೊಂದು ಪದ ತಪ್ಪಾಗಿತ್ತು ಎನ್ನುವುದು ಅವಳ ಕೋಪಕ್ಕೆ ತುಪ್ಪ ಸುರಿದಿತ್ತು.

ಇಂಥ ಬಣ್ಣಬಣ್ಣದ ಪತ್ರಿಕೆಗಳಿಗೆ ನಮ್ಮಲ್ಲಿ ಕಾಮನಬಿಲ್ಲು ಎಂಬ ಅಡ್ಡಹೆಸರಿದೆ. ತಿಳಿದವರು ಎನ್ನಿಸಿಕೊಂಡವರು ಆ ಹೆಸರನ್ನು ಮೂಗು ಮುರಿದುಕೊಂಡು ಹೇಳುತ್ತಾರೆ. ಹಲ್ಲಿನ ಡಾಕ್ಟರ ಬಳಿ ಕಾಯುವಾಗ ಅವರ ಕೈಯಲ್ಲೂ ಅದೇ ಇರುತ್ತದೆ. ಮುಖಪುಟದಲ್ಲಿ 'ಅರಮನೆಯಲ್ಲಿ ಕಣ್ಣೀರು, ಇನ್ನು ಆಸೆಯೇ ಇಲ್ಲವೇ?' ಎಂದು ದಪ್ಪ ದಪ್ಪ ಅಕ್ಷರ. ಎದೆ ಹಿಡಿದುಕೊಂಡು ಒಳಗೆ ತಿರುವಿದರೆ ರಾಜಕುಮಾರಿಯ ನಾಯಿಗೆ ಹೊಟ್ಟೆನೋವು. ಆಮೇಲೆ ಯಾರೋ ಗಾಯಕನ ಮೂರನೆಯ ಮದುವೆ, ಮಂಡಿನೋವಿಗೆ ಡಾಕ್ಟರ ಸಲಹೆ, ಸಕ್ಕರೆ ಹಾಕದ ಸೇಬಿನ ಕೇಕು, ಮೊಮ್ಮಗುವಿಗೆ ಹೆಣೆಯುವ ಟೋಪಿ. ನಾನು ಅರಮನೆ ಸುದ್ದಿ ಓದುವವಳಲ್ಲ. ಕಣ್ಣಿಗೆ ಬೀಳುತ್ತದೆ, ಅಷ್ಟೆ. ಹಾಗೆ ಬಿದ್ದು ಬಿದ್ದೇ ಯುರೋಪಿನ ಎಲ್ಲ ರಾಜಮನೆತನಗಳ ಬಾಣಂತನವೂ ನನಗೆ ತಿಳಿದುಹೋಗಿದೆ.

ಟ್ರೌಡೆಲ್ ಹುಟ್ಟಿದ್ದು ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಇದೇ ಹೆರ್ನೆ ಊರಿನ ಗಣಿಯವರ ಸಾಲುಮನೆಯಲ್ಲಿ. ಅಪ್ಪ ಕಲ್ಲಿದ್ದಲು ಗಣಿಗೆ ಇಳಿಯುವವನು. ಮನೆ ತುಂಬ ಮಕ್ಕಳು. ಶನಿವಾರ ಅಡುಗೆಮನೆಯಲ್ಲಿ ತಗಡಿನ ತೊಟ್ಟಿ ಇಟ್ಟು, ಒಂದೇ ನೀರಿನಲ್ಲಿ ಹಿರಿಯರಿಂದ ಕಿರಿಯರವರೆಗೆ ಎಲ್ಲರ ಸ್ನಾನ. ಟ್ರೌಡೆಲ್ ಸರದಿ ಬರುವ ಹೊತ್ತಿಗೆ ನೀರು ತಣ್ಣಗಾಗಿ ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತಂತೆ. ನಾನಾಗಿದ್ದರೆ ಆ ಕಥೆಯನ್ನು ಜೀವನಪೂರ್ತಿ ಗೊಣಗುತ್ತ ಹೇಳುತ್ತಿದ್ದೆ. ಅವಳು ಹೇಳುವುದೇ ಬೇರೆ. ಎಷ್ಟು ಜನವಿದ್ದರೂ ಅಮ್ಮ ಒಂದು ಶನಿವಾರವೂ ತನ್ನನ್ನು ಮರೆತು ತೊಟ್ಟಿಯ ನೀರು ಚೆಲ್ಲಲಿಲ್ಲ ಎಂದು ಈಗಲೂ ಕಣ್ಣರಳಿಸಿ ಹೇಳುತ್ತಾಳೆ. ಊರಿಗೊಂದು ದಾರಿಯಾದರೆ ಇವಳದೇ ಒಂದು ದಾರಿ.

ದೊಡ್ಡವಳಾಗಿ ಗಣಿಯ ಕ್ಯಾಂಟೀನಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಕೆಲಸಕ್ಕೆ ಸೇರಿದಳು. ಅಲ್ಲೇ ಗ್ಯುಂಟರ್ ಪಿಯೋಂಟೆಕ್ ಸಿಕ್ಕಿದ. ಒಳ್ಳೆಯ ಮನುಷ್ಯ, ಹಾಡುತ್ತಿದ್ದ. ಕಲ್ಲಿನ ದೂಳು ಅವನ ಶ್ವಾಸಕೋಶ ತಿಂದು, ಐವತ್ತು ಮುಟ್ಟುವ ಮೊದಲೇ ಮಣ್ಣು ಮಾಡಿತು. ಗಂಡ ಹೋದ ಮೇಲೆ ಟ್ರೌಡೆಲ್ ಕ್ಯಾಂಟೀನಿಗೆ ಹೋಗುವುದನ್ನು ಬಿಟ್ಟಳು, ತಲೆ ಬಾಚುವುದನ್ನು ಬಿಟ್ಟಳು, ಕೊನೆಗೆ ಹಾಸಿಗೆಯಿಂದ ಏಳುವುದನ್ನೂ ಬಿಟ್ಟಳು. ಒಂದು ದಿನ ಅವಳನ್ನು ಮನೋರೋಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೀದಿಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಹವೆ ಬದಲಾವಣೆಗೆ ಹೋಗಿದ್ದಾಳೆ ಎಂದರು. ಇನ್ನು ಬರುವುದಿಲ್ಲ ಎಂದೂ ಅಂದುಕೊಂಡರು.

ಬರುತ್ತಾಳೆ ಎಂದು ಹಟ ಹಿಡಿದು ಕೂತವಳು ಪಕ್ಕದ ಮನೆಯ ಲೀಸೆಲ್ ಕೂಲ್ಮನ್ ಒಬ್ಬಳೇ. ಟ್ರೌಡೆಲ್ ಇಲ್ಲದ ಅಷ್ಟು ದಿನವೂ ಗುರುವಾರ ಗೂಡಂಗಡಿಗೆ ಹೋದವಳು ಲೀಸೆಲ್. ಟ್ರೌಡೆಲ್ ಕೊನೆಯವಳಾಗುವ ಪ್ರತಿ ವಾರದ ಪತ್ರಿಕೆಯನ್ನು ಅವಳು, ಉಳಿದವರು ಓದಿದ ಮೇಲೆ, ಯಾರಿಗೂ ಮುಟ್ಟಗೊಡದೆ ತನ್ನ ಬೀರುವಿನಲ್ಲಿ ಇಟ್ಟಳು. ಪದಬಂಧ ಖಾಲಿ, ಒಂದು ಪುಟಕ್ಕೂ ಕತ್ತರಿ ತಾಗಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಟ್ರೌಡೆಲ್ ಬಟ್ಟೆಯ ಚೀಲ ಹಿಡಿದು, ನೆಲ ನೋಡಿಕೊಂಡು ಬೀದಿಗೆ ಕಾಲಿಟ್ಟಾಗ ಎಲ್ಲರೂ ಏನು ಮಾತಾಡುವುದೆಂದು ತಿಳಿಯದೆ ತಮ್ಮ ತಮ್ಮ ಗುಲಾಬಿಗಿಡಕ್ಕೆ ನೀರು ಹಾಕತೊಡಗಿದರಂತೆ. ಲೀಸೆಲ್ ಆ ಪತ್ರಿಕೆಗಳ ಕಟ್ಟನ್ನು ಎತ್ತಿಕೊಂಡು ಸೀದಾ ಅವಳ ಅಡುಗೆಮನೆಗೆ ನುಗ್ಗಿ ಮೇಜಿನ ಮೇಲೆ ಹಾಕಿದಳು.

"ತಗೋ, ನಿನ್ನ ಸರದಿ. ಎಷ್ಟು ದಿನ ಕಾಯಿಸ್ತೀಯೇ ಮಾರಾಯ್ತಿ, ನನ್ನ ಬೀರು ತುಂಬಿಹೋಯ್ತು."

ಆ ಬೇಸಿಗೆಯಲ್ಲಿ ಬೇರೆ ಔಷಧಿ ತನಗೆ ಬೇಕಾಗಲಿಲ್ಲ ಎನ್ನುತ್ತಾಳೆ ಟ್ರೌಡೆಲ್. ಅದು ಪೂರ್ತಿ ನಿಜವಲ್ಲ, ಮಾತ್ರೆಗಳನ್ನು ಬಹಳ ಕಾಲ ನುಂಗಿದಳು. ಆದರೆ ಅವಳು ಹಾಗೆ ಹೇಳುವಾಗ ನಾನು ತಿದ್ದುವುದಿಲ್ಲ. ತಾನು ಇಲ್ಲದಿದ್ದಾಗಲೂ ತನ್ನ ಜಾಗ ಇತ್ತು ಎಂಬುದು ಒಬ್ಬ ಹೆಂಗಸನ್ನು ಹೇಗೆ ಎತ್ತಿ ನಿಲ್ಲಿಸುತ್ತದೆ ಎಂದು ಅವಳನ್ನು ನೋಡಿ ಕಲಿತವಳು ನಾನು.

ಇಷ್ಟು ಹೇಳಿದ್ದು ಏಕೆಂದರೆ, ಹೋದ ವರ್ಷ ಮಾರ್ಚಿನಲ್ಲಿ ಲೀಸೆಲ್ ತೀರಿಕೊಂಡಳು. ಹೃದಯಾಘಾತ. ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ನನ್ನ ಹೊಸ ಕೂದಲ ಬಣ್ಣವನ್ನು ಗೇಲಿ ಮಾಡಿದ್ದಳು, ಸಂಜೆಗೆ ಇರಲಿಲ್ಲ. ಮಕ್ಕಳಿಲ್ಲದ ಜೋಡಿ ಅವರದು. ಅವಳ ಗಂಡ ಆಲ್ಫೋನ್ಸ್ ಮಣ್ಣು ಮಾಡಿದ ದಿನ ಎಲ್ಲರ ಜೊತೆ ಕೂತು ಕಾಫಿ ಕುಡಿದ, ಬೆಣ್ಣೆ ಕೇಕನ್ನು ಮುಟ್ಟಲಿಲ್ಲ, ಮನೆಗೆ ಹೋಗಿ ಕಿಟಕಿಯ ಶಟರುಗಳನ್ನು ಅರ್ಧಕ್ಕೆ ಇಳಿಸಿದ. ಆಮೇಲೆ ಅವು ಮೇಲೇರಲಿಲ್ಲ. ಬೆಲ್ ಮಾಡಿದರೆ ಬರುತ್ತಿರಲಿಲ್ಲ. ಬೆಳಗಾಗುವುದರೊಳಗೆ ಅಂಗಡಿಗೆ ಹೋಗಿ, ಯಾರೂ ಎದುರಾಗದಂತೆ ಹಿಂದಿನ ಓಣಿಯಿಂದ ಮನೆ ಸೇರುತ್ತಿದ್ದ. ಬಾಯ್ತುಂಬ ತಮಾಷೆಯ ಮನುಷ್ಯ. 'ಕಾಮನಬಿಲ್ಲು ಮೂಡಿತು, ಇವತ್ತು ಆಲೂಗಡ್ಡೆ ಸೀದುಹೋಗುತ್ತೆ' ಎಂದು ಪ್ರತಿ ವಾರ ಲೀಸೆಲ್ ಪತ್ರಿಕೆ ಹಿಡಿದು ಕೂತಾಗ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದವನು ಅವನೇ.

ಲೀಸೆಲ್ ಹೋದ ಮೇಲಿನ ಮೊದಲ ಗುರುವಾರ ನಾವು ಮೂವರು ಟ್ರೌಡೆಲ್ ಅಡುಗೆಮನೆಯಲ್ಲಿ ಕೂತೆವು. ಇನ್ನು ಮೂರೇ ಮನೆ, ಸಾಲನ್ನು ಹೊಸದಾಗಿ ಹಾಕಬೇಕು ಎಂದಳು ಗೆರ್ಡಾ. ತಪ್ಪೇನೂ ಹೇಳಲಿಲ್ಲ. ಟ್ರೌಡೆಲ್ ಆಗದೆಂದು ತಲೆಯಾಡಿಸಿಬಿಟ್ಟಳು. ಲೀಸೆಲ್ ಸರದಿ ಇದ್ದ ಹಾಗೇ ಇರುತ್ತದೆ, ಅವಳ ದಿನ ಪತ್ರಿಕೆ ಅವಳ ಮನೆ ಬಾಗಿಲಿಗೆ ಹೋಗುತ್ತದೆ ಎಂದಳು.

"ಸತ್ತವರಿಗೂ ಸರದಿ ಇಡ್ತೀಯಲ್ಲೇ," ಎಂದಳು ಗೆರ್ಡಾ, "ಅವಳೇನು ಮೇಲಿಂದ ಇಳಿದು ಬಂದು ಓದ್ತಾಳಾ?"

"ಓದೋದು ಬಿಡೋದು ಅವಳಿಗೆ ಸೇರಿದ್ದು. ಕೊಡೋದು ನಮಗೆ ಸೇರಿದ್ದು."

ಹೀಗೆ ಶುರುವಾಯಿತು. ಲೀಸೆಲ್ ದಿನ ಟ್ರೌಡೆಲ್ ಪತ್ರಿಕೆಯನ್ನು ಬಟ್ಟೆಚೀಲದಲ್ಲಿ ಹಾಕಿ ಆಲ್ಫೋನ್ಸನ ಬಾಗಿಲ ಹಿಡಿಕೆಗೆ ಸಿಕ್ಕಿಸುವಳು. ಮಾರನೆಯ ದಿನ ಹೋಗಿ ನೋಡಿದರೆ ಚೀಲ ಹಾಗೇ ನೇತಾಡುತ್ತಿರುವುದು. ತೆಗೆದುಕೊಂಡು ಮುಂದಿನ ಮನೆಗೆ ಕೊಡುವಳು. ಮಳೆ ಬಂದರೆ ಪ್ಲಾಸ್ಟಿಕ್ ಚೀಲ. ಲೀಸೆಲ್ ಕೊನೆಯವಳಾಗುವ ವಾರ ಟ್ರೌಡೆಲೇ ಪದಬಂಧ ತುಂಬಿ, ಕಾರ್ಡಿನಲ್ಲಿ 'ಲೀಸೆಲ್ ಕೂಲ್ಮನ್' ಎಂದು ಬರೆದು, ಅವಳ ಮನೆಯ ವಿಳಾಸವನ್ನೇ ಹಾಕಿ ಅಂಚೆಗೆ ಹಾಕುವಳು. ವಾರದಲ್ಲಿ ಒಂದು ದಿನ ಸುಮ್ಮನೆ ದಂಡವಾಗುತ್ತದೆಂದು ನಾನು ಗೊಣಗಿದೆ. ಇವಳಿಗೆ ಎರಡೆರಡು ಪದಬಂಧ ಸಿಕ್ಕಂತಾಯಿತಲ್ಲ ಎಂದು ಗೆರ್ಡಾ ಚುಚ್ಚಿದಳು. ಟ್ರೌಡೆಲ್ ಜಗ್ಗಲಿಲ್ಲ. ಅವಳ ಮನಸ್ಸಿನಲ್ಲಿ ಇದ್ದದ್ದು ಎರಡೇ: ಲೀಸೆಲ್ ಹೆಸರು ಸಾಲಿನಿಂದ ಅಳಿಸಿಹೋಗಬಾರದು, ಆಲ್ಫೋನ್ಸನ ಬಾಗಿಲು ಪೂರ್ತಿ ಮುಚ್ಚಿಹೋಗಬಾರದು. ದಿನವೂ ಹೋಗಿ ಬಾಗಿಲು ತಟ್ಟಿದರೆ ಅವನು ಸಿಡುಕುತ್ತಾನೆ. ಸರದಿಯ ನೆಪದಲ್ಲಿ ವಾರಕ್ಕೊಮ್ಮೆ ಆ ಬಾಗಿಲಿನವರೆಗೆ ಹೋಗಬಹುದಲ್ಲ. ಇದನ್ನು ಅವಳು ನನಗೆ ಬಿಡಿಸಿ ಹೇಳಿದ್ದು ಮೇ ತಿಂಗಳಲ್ಲಿ, ಆಮೇಲೆ ನಾನು ಗೊಣಗುವುದನ್ನು ಕಡಿಮೆ ಮಾಡಿದೆ. ನಿಲ್ಲಿಸಿದೆ ಎಂದು ಹೇಳಲಾರೆ.

ಸೆಪ್ಟೆಂಬರಿನ ಕೊನೆಗೆ, ಪ್ಲಮ್ ಹಣ್ಣಿನ ಕಾಲದಲ್ಲಿ, ಒಂದು ಮಧ್ಯಾಹ್ನ ನಾನು ಪ್ಲಮ್ ಕೇಕು ಮಾಡಿ ಟ್ರೌಡೆಲ್ ಮನೆಗೆ ತೆಗೆದುಕೊಂಡು ಹೋಗಿದ್ದೆ. ಬೆಲ್ ಆಯಿತು. ಬಾಗಿಲಲ್ಲಿ ಆಲ್ಫೋನ್ಸ್. ಆರು ತಿಂಗಳಲ್ಲಿ ಅವನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಹಿಂದುಮುಂದಾಗಿತ್ತು. ಕೈಯಲ್ಲಿ ಗುಲಾಬಿ ಬಣ್ಣದ ಪೆಟ್ಟಿಗೆ. ಟ್ರೌಡೆಲ್ ಮುಖ ಒಮ್ಮೆಗೆ ಅರಳಿತು, ಪಾಪ, ಅವನು ಕಾಫಿಗೆ ಬಂದನೆಂದೇ ತಿಳಿದಳು. ಅವನು ಒಳಗೆ ಕಾಲಿಡಲಿಲ್ಲ. ಪೆಟ್ಟಿಗೆಯೊಳಗಿನ ಕಾರ್ಡು ತೆಗೆದು ಓದಿದ.

"'ಪ್ರಿಯ ಲೀಸೆಲ್ ಕೂಲ್ಮನ್, ಹೃತ್ಪೂರ್ವಕ ಅಭಿನಂದನೆಗಳು. ನಮ್ಮ ಪದಬಂಧದ ಅದೃಷ್ಟಶಾಲಿಗಳಲ್ಲಿ ನೀವೂ ಒಬ್ಬರು. ಇನ್ನು ಮುಂದೆ ಕನ್ನಡಿ ನೋಡಿದಾಗಲೆಲ್ಲ ನಿಮ್ಮ ವಯಸ್ಸು ಹತ್ತು ವರ್ಷ ಹಿಂದಕ್ಕೆ.'"

ಮುಖಕ್ಕೆ ಹಚ್ಚುವ ಕ್ರೀಮು. ಸುಕ್ಕು ಹೋಗಲು ಹಗಲಿಗೊಂದು, ರಾತ್ರಿಗೊಂದು ಡಬ್ಬಿ. ಅವನು ಕಾರ್ಡನ್ನು ಮಡಿಸಿ ಪೆಟ್ಟಿಗೆಯೊಳಗೆ ತುರುಕಿ, ಪೆಟ್ಟಿಗೆಯನ್ನು ಅವಳ ಕೈಗೆ ಒತ್ತಿದ.

"ಇದನ್ನ ಎಲ್ಲಿ ಹಚ್ಚಲಿ, ಹೇಳು? ಗೋರಿಕಲ್ಲಿಗಾ?"

ಟ್ರೌಡೆಲ್ ಏನೋ ಹೇಳಲು ಹೋದಳು. ಅವನು ಕೇಳಲಿಲ್ಲ. ಇನ್ನೊಂದು ಸಲ ತನ್ನ ಬಾಗಿಲಿಗೆ ಆ ಪತ್ರಿಕೆ ಸಿಕ್ಕಿಸಿದರೆ ಒಲೆಗೆ ಹಾಕುತ್ತೇನೆ, ಸತ್ತವಳ ಹೆಸರಲ್ಲಿ ಜೂಜಾಡುವುದು ಇಲ್ಲಿಗೆ ಸಾಕು ಎಂದ. ಮೆಟ್ಟಿಲಿಳಿದು ಹೋದ. ಅವನ ಮನೆಯ ಬಾಗಿಲು ಹಾಕಿದ ಸದ್ದು ಟ್ರೌಡೆಲ್ ಅಡುಗೆಮನೆಯವರೆಗೂ ಕೇಳಿಸಿತು.

ನಾನು ಮೊದಲೇ ಹೇಳಿದ್ದೆ ಎನ್ನುವ ಮಾತು ನನ್ನ ನಾಲಿಗೆ ತುದಿಯಲ್ಲೇ ಇತ್ತು. ಇಂಥ ಮಾತುಗಳನ್ನು ನಾನು ಸಾಮಾನ್ಯವಾಗಿ ನುಂಗುವವಳಲ್ಲ. ಆದರೆ ಟ್ರೌಡೆಲ್ ಕುರ್ಚಿಯಲ್ಲಿ ಕುಸಿದು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದಳು. ಲೀಸೆಲ್ ಜಾಗ ಉಳಿಸಲು ಹೋಗಿ ಅವನ ಗಾಯಕ್ಕೆ ಉಪ್ಪು ಸವರಿದೆ, ಇದ್ದ ಒಂದು ದಾರಿಯನ್ನೂ ನಾನೇ ಮುಚ್ಚಿಕೊಂಡೆ ಎಂದಳು. ನನ್ನ ಕೇಕು ಹಾಗೇ ಉಳಿಯಿತು.

ಮಾರನೆಯ ಬೆಳಿಗ್ಗೆ ಪತ್ರಿಕೆಯ ಕಚೇರಿಗೆ ಫೋನು ಮಾಡಿದಳು. ಅಲ್ಲೊಬ್ಬ ಚಿಕ್ಕ ವಯಸ್ಸಿನ ಹುಡುಗಿ. ಗೆದ್ದವಳು ಮಾರ್ಚಿನಲ್ಲೇ ಸತ್ತಿದ್ದಾಳೆ, ಕಾರ್ಡು ಬರೆದದ್ದು ನಾನು, ನಿಮ್ಮ ಪೆಟ್ಟಿಗೆ ವಾಪಸು ಕಳಿಸುತ್ತೇನೆ ಎಂದು ಟ್ರೌಡೆಲ್ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ನಾನು ಪಕ್ಕದಲ್ಲಿ ಕಿವಿಗೊಟ್ಟು ನಿಂತಿದ್ದೆ.

"ಯಾಕೆ ಹಾಗೆ ಬರೆದ್ರಿ, ಪಿಯೋಂಟೆಕ್ ಅವರೇ?" ಎಂದಿತು ಆ ದನಿ. ಬಯ್ಗುಳವಿರಲಿಲ್ಲ ಅದರಲ್ಲಿ.

"ಅವಳ ಸರದಿ ಇತ್ತಮ್ಮ."

ಹುಡುಗಿ ನಿಧಾನವಾಗಿ ಹೇಳಿದಳು: ಕ್ರೀಮನ್ನು ವಾಪಸು ತೆಗೆದುಕೊಳ್ಳುವ ಪದ್ಧತಿಯಿಲ್ಲ, ಇಟ್ಟುಕೊಳ್ಳಿ. ಇನ್ನು ಮುಂದೆ ಬದುಕಿರುವವರ ಹೆಸರಲ್ಲೇ ಬರೆಯಿರಿ. ಆದರೆ ಒಂದು ವಿಷಯ, ಗೆದ್ದವರ ಹೆಸರುಗಳು ಬರುವ ಗುರುವಾರದ ಸಂಚಿಕೆಯಲ್ಲಿವೆ, ಅದು ಆಗಲೇ ಅಚ್ಚಾಗಿದೆ. ಯಾರನ್ನಾದರೂ ಕೇಳಿ ನೋಡುತ್ತೇನೆ ಎಂದಳು. ಪಾಪ, ಕೇಳಿಯೂ ನೋಡಿದಳು. ಮಧ್ಯಾಹ್ನ ಅವಳೇ ಫೋನು ಮಾಡಿ ಏನೂ ಮಾಡಲಾಗುವುದಿಲ್ಲ, ಲಾರಿಗಳು ಹೊರಡಲಿವೆ, ಕ್ಷಮಿಸಿ ಎಂದಳು.

ಈಗ ಟ್ರೌಡೆಲ್‌ಗೆ ನಿಜವಾದ ಹೆದರಿಕೆ ಹತ್ತಿತು. ಪೆಟ್ಟಿಗೆಯನ್ನು ಅವನೊಬ್ಬನೇ ನೋಡಿದ್ದ. ಇದು ದೇಶಕ್ಕೆಲ್ಲ ಹೋಗುವ ಪತ್ರಿಕೆ. ಕ್ಷೌರದಂಗಡಿಯಲ್ಲೋ ಔಷಧಿ ಅಂಗಡಿಯಲ್ಲೋ ಯಾರಾದರೂ ಅವನ ಬೆನ್ನು ತಟ್ಟಿ, ನಿನ್ನ ಹೆಂಡತಿ ಗೆದ್ದಿದ್ದಾಳಲ್ಲ ಎಂದರೆ? ಗೆರ್ಡಾ ಒಂದು ಉಪಾಯ ಹೇಳಿದಳು. ಬೇರೆ ಕಡೆಯದು ನಮ್ಮ ಕೈಲಿಲ್ಲ, ನಮ್ಮ ಪ್ರತಿಯಿಂದಲಾದರೂ ಆ ಪುಟ ಹರಿದು ತೆಗೆಯೋಣ, ಅವನ ಬಾಗಿಲಿಗೆ ಹೋಗುವ ಮಾತೇ ಬೇಡ, ಲೀಸೆಲ್ ಸರದಿಯನ್ನು ಇನ್ನಾದರೂ ನಿಲ್ಲಿಸು ಎಂದಳು. ನನಗೂ ಅದೇ ಸರಿ ಕಂಡಿತು. ಟ್ರೌಡೆಲ್ ಒಂದು ದಿನವೆಲ್ಲ ಯೋಚಿಸಿದಳು.

"ಬೇಡ," ಎಂದಳು. "ಹರಿದು ತೆಗೆದ್ರೆ ಅವಳನ್ನ ಇನ್ನೊಂದ್ಸಲ ಹೂತ ಹಾಗೆ. ನಾನೇ ಹೋಗಿ ಅವನಿಗೆ ಹೇಳ್ತೀನಿ."

ಬುಧವಾರ ಸಂಜೆ ಅವನ ಬಾಗಿಲ ಮುಂದೆ ನಿಂತಳು. ನಾನು ಬೇಲಿಯ ಬಳಿ ಎಲೆ ಗುಡಿಸುತ್ತಿದ್ದೆ. ಕದ್ದು ಕೇಳಿದೆ ಎನ್ನಬೇಡಿ, ಎಲೆಗಳು ನಿಜವಾಗಿಯೂ ಬಿದ್ದಿದ್ದವು. ಅವಳು ಬೆಲ್ ಮಾಡಲಿಲ್ಲ. ಮುಚ್ಚಿದ ಬಾಗಿಲಿಗೇ ಮಾತಾಡಿದಳು.

"ಆಲ್ಫೋನ್ಸ್, ಬಾಗಿಲು ತೆಗೀಬೇಡ, ಕೇಳಿಸ್ಕೊಂಡ್ರೆ ಸಾಕು. ನಾಳೆ ಪತ್ರಿಕೇಲಿ ಲೀಸೆಲ್ ಹೆಸರು ಬರುತ್ತೆ, ಗೆದ್ದೋರ ಜೊತೆ. ತಡೆಯೋಕೆ ನೋಡ್ದೆ, ಆಗ್ಲಿಲ್ಲ. ಬೇರೆಯೋರ ಬಾಯಿಂದ ನಿಂಗೆ ಗೊತ್ತಾಗಬಾರ್ದು ಅಂತ ಬಂದೆ. ನಿನ್ನ ನೋಯಿಸಬೇಕು ಅಂತ ಮಾಡಿದ್ದಲ್ಲ ಕಣೋ. ಅವಳ ಜಾಗಾನ ಖಾಲಿ ಬಿಡೋಕೆ ನನ್ನ ಕೈಲಿ ಆಗ್ಲಿಲ್ಲ. ಈ ವಾರ ಶನಿವಾರ ಅವಳ ದಿನ. ತಂದು ಸಿಕ್ಕಿಸ್ತೀನಿ. ಒಲೆಗೆ ಹಾಕ್ಬೇಕು ಅನ್ಸಿದ್ರೆ ಹಾಕು."

ಅವಳು ಸ್ವಲ್ಪ ಹೊತ್ತು ನಿಂತು, ಕಾಲೊರಸನ್ನು ನೆಟ್ಟಗೆ ಮಾಡಿ ಬಂದಳು.

ಆ ವಾರ ಮೊದಲ ಮನೆ ಗೆರ್ಡಾಳದು, ಎರಡನೆಯದು ನನ್ನದು, ಮೂರನೆಯದು ಲೀಸೆಲ್‌ದು, ಕೊನೆ ಟ್ರೌಡೆಲ್. ಗೆರ್ಡಾ ಗುರುವಾರ ಪತ್ರಿಕೆಯನ್ನು ಬಿಚ್ಚಿದ್ದೇ, ರಾಣಿಯರನ್ನೆಲ್ಲ ಬಿಟ್ಟು ಸೀದಾ ಹಿಂದಿನ ಪುಟಗಳಿಗೆ ಹೋದಳಂತೆ. ಶುಕ್ರವಾರ ನನಗೆ ಕೊಡುವಾಗ ಅವಳ ಕಣ್ಣು ಕೆಂಪಾಗಿತ್ತು. ಈರುಳ್ಳಿ ಹೆಚ್ಚುತ್ತಿದ್ದೆ ಎಂದಳು. ಗೆರ್ಡಾಗೆ ಈರುಳ್ಳಿ ಆಗುವುದಿಲ್ಲ, ಅದು ಬೀದಿಗೆಲ್ಲ ಗೊತ್ತು. ನಾನೂ ನೋಡಿದೆ. ಸಣ್ಣ ಅಕ್ಷರದಲ್ಲಿ, ಮ್ಯೂನಿಕ್ಕಿನ ಯಾರೋ ಒಬ್ಬಳಿಗೂ ಕೀಲ್ ಊರಿನ ಯಾರೋ ಒಬ್ಬಳಿಗೂ ನಡುವೆ, 'ಲೀಸೆಲ್ ಕೂಲ್ಮನ್, ಹೆರ್ನೆ'. ಇಷ್ಟು ವರ್ಷ ರಾಣಿಯರ ಹೆಸರು ಓದಿದ ಪತ್ರಿಕೆಯಲ್ಲಿ ನಮ್ಮ ಲೀಸೆಲ್. ಗೇಲಿ ಮಾಡುತ್ತ ಎದುರಿಗೆ ಬಂದು ನಿಂತಂತಾಯಿತು. ನಾನೂ ಈರುಳ್ಳಿ ಹೆಚ್ಚಿದೆ.

ಅದೇ ದಿನ ಗೂಡಂಗಡಿಯವನು ಒಂದು ಸುದ್ದಿ ಹೇಳಿದ. ಗುರುವಾರ ಅಂಗಡಿ ತೆಗೆಯುವ ಹೊತ್ತಿಗೆ ಆಲ್ಫೋನ್ಸ್ ಬಂದಿದ್ದನಂತೆ. ಪತ್ರಿಕೆಗಳನ್ನು ಇಟ್ಟಿದ್ದ ಕಡೆ ನಿಂತು ಬಹಳ ಹೊತ್ತು ಆ ಮುಖಪುಟವನ್ನೇ ನೋಡಿದನಂತೆ. ಕೈ ಮುಂದೆ ಚಾಚಿ, ಹಿಂದಕ್ಕೆ ತೆಗೆದುಕೊಂಡು, ಬರೀ ತಂಬಾಕು ಕೊಂಡು ಹೋದನಂತೆ. ಇದರ ಅರ್ಥವೇನೆಂದು ನಾವು ಮೂವರೂ ತಲೆ ಕೆಡಿಸಿಕೊಂಡೆವು.

ಶನಿವಾರ ಟ್ರೌಡೆಲ್ ಚೀಲವನ್ನು ಹಿಡಿಕೆಗೆ ಸಿಕ್ಕಿಸಿದಳು. ಭಾನುವಾರ ಚರ್ಚಿಗೆ ಹೋಗುವಾಗ ನೋಡಿದರೆ ಚೀಲವಿಲ್ಲ. ಅವತ್ತೇ ಅದು ಟ್ರೌಡೆಲ್ ಕೈಗೆ ಬರಬೇಕಿತ್ತು, ಸೋಮವಾರವೂ ಬರಲಿಲ್ಲ. ನಮ್ಮ ಸಾಲಿನಲ್ಲಿ ಯಾರೂ, ಜ್ವರ ಬಂದು ಮಲಗಿದಾಗಲೂ, ತಮ್ಮ ದಿನ ಮೀರಿ ಪತ್ರಿಕೆ ಇಟ್ಟುಕೊಂಡದ್ದಿಲ್ಲ. ಒಲೆಗೆ ಹೋಯಿತು ಎಂದಳು ಗೆರ್ಡಾ. ಅವನ ಚಿಮಣಿಯಲ್ಲಿ ಹೊಗೆಯಾಡುತ್ತಿರುವುದನ್ನು ಬೆರಳು ಮಾಡಿ ತೋರಿಸಿದಳು. ಅಕ್ಟೋಬರ್ ತಿಂಗಳಲ್ಲಿ ಎಲ್ಲರ ಚಿಮಣಿಯಲ್ಲೂ ಹೊಗೆಯಾಡುತ್ತದೆ ಎಂದೆ ನಾನು, ನನಗೂ ನಂಬಿಕೆಯಿರಲಿಲ್ಲ. ಟ್ರೌಡೆಲ್ ಮನೆಯಲ್ಲಿ ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಹಿಂದೆ ಅವಳು ಆಸ್ಪತ್ರೆಗೆ ಹೋಗುವ ಮೊದಲೂ ಹೀಗೇ ಮಾಡುತ್ತಿದ್ದಳು ಎಂದು ಗೆರ್ಡಾ ನನ್ನ ಕಿವಿಯಲ್ಲಿ ಹೇಳಿದಳು. ಅಂದಿನಿಂದ ನಾನು ಅವಳನ್ನು ಒಬ್ಬಳೇ ಬಿಡಲಿಲ್ಲ.

ಮಂಗಳವಾರ ಕಾಫಿಯ ಹೊತ್ತಿಗೆ ಬೆಲ್ ಆಯಿತು.

ಆಲ್ಫೋನ್ಸ್ ಗಡ್ಡ ತೆಗೆದಿದ್ದ, ಗಲ್ಲದಲ್ಲಿ ಎರಡು ಕಡೆ ಗಾಯ. ಅಂಗಿಗೆ ಇಸ್ತ್ರಿ ಹಾಕಲು ಹೋಗಿ ಇದ್ದ ಸುಕ್ಕಿಗೆ ಇನ್ನಷ್ಟು ಸೇರಿಸಿಕೊಂಡಿದ್ದ. ಕಂಕುಳಲ್ಲಿ ಪತ್ರಿಕೆ. ಈ ಸಲ ಒಳಗೆ ಬಂದ. ಕೂರು ಎನ್ನುವ ಮೊದಲೇ ಕುರ್ಚಿಯ ತುದಿಯಲ್ಲಿ ಕೂತ. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ, ಅದಕ್ಕೇ ತಡವಾಯಿತು ಎಂದ. ಒಂದು ನಾಯಿಯ ಹೊಟ್ಟೆನೋವಿಗೆ ಎರಡು ಪುಟ ಕೊಟ್ಟಿದ್ದಾರಲ್ಲ, ಇದಕ್ಕಾಗಿಯೇ ನನ್ನ ಆಲೂಗಡ್ಡೆ ಇಷ್ಟು ವರ್ಷ ಸೀದದ್ದು ಎಂದು ಬಯ್ದ. ಆಮೇಲೆ ಅವನು ಆ ಪುಟ ಬಿಚ್ಚಿ ಮೇಜಿನ ಮೇಲಿಟ್ಟ.

"ಹೆಸರು ಕತ್ತರಿಸಿ ಇಟ್ಕೊಳ್ಳೋಣ ಅಂತ ಕತ್ತರಿ ತಗೊಂಡೆ," ಎಂದ. "ತಿರುಗಿಸಿ ನೋಡಿದ್ರೆ ಹಿಂದ್ಗಡೆ ಪದಬಂಧ. ಈ ವಾರ ಕೊನೇದು ನಿಂದು ತಾನೆ. ಮೊದ್ಲು ನೀನು ತುಂಬು, ಆಮೇಲೆ ಕತ್ತರಿಸ್ತೀನಿ."

"ಯಾರ ಸರದಿ ಅಂತ ನಿಂಗೆ ಹ್ಯಾಗೆ ಗೊತ್ತು?" ಎಂದಳು ಟ್ರೌಡೆಲ್.

"ಅವಳ ಜೊತೆ ಊಟ ಮಾಡ್ದೋನಿಗೆ ಅದು ಗೊತ್ತಿರಲ್ವಾ? ಹವಾಮಾನಕ್ಕಿಂತ ಮೊದ್ಲು ಅದನ್ನೇ ಹೇಳ್ತಿದ್ಲು." ಅವನು ಬೆರಳಿನಿಂದ ಆ ಸಾಲನ್ನು ಮುಟ್ಟಿದ. "ಗುರುವಾರ ಕೊಂಡ್ಕೊಂಡು ಬಂದುಬಿಡೋಣ ಅನ್ನಿಸ್ತು. ಆಮೇಲೆ, ಶನಿವಾರ ಹ್ಯಾಗೂ ಬರುತ್ತಲ್ಲ, ಅವಳ ಸರದೀಲೇ ಬರ್ಲಿ ಅಂತ ಬಿಟ್ಟೆ. ಮಾರ್ಚಿಂದ ನನ್ನ ಮನೆಗೆ ಬರೋ ಕಾಗದದಲ್ಲೆಲ್ಲ ಅವಳ ಹೆಸರಿನ ಮುಂದೆ ದಿವಂಗತ ಅಂತಿರುತ್ತೆ. ಪಿಂಚಣಿಯೋರು, ವಿಮೆಯೋರು, ಕರೆಂಟಿನೋರು, ಎಲ್ಲ. ಇದೊಂದರಲ್ಲೇ ಬರೀ ಹೆಸರು. ಆವತ್ತು ಪೆಟ್ಟಿಗೆ ನೋಡಿ ನಂಗೆ ಸಿಟ್ಟು ಬಂದದ್ದು ನಿನ್ನ ಮೇಲಲ್ಲ ಟ್ರೌಡೆಲ್. ಒಂದು ಕ್ಷಣ ಅವಳನ್ನ ಕೂಗಿಬಿಟ್ಟಿದ್ದೆ, ಬಾರೇ, ಗೆದ್ದಿದ್ದೀಯ ಅಂತ."

ಟ್ರೌಡೆಲ್ ಅವನ ಕೈ ಹಿಡಿದುಕೊಂಡಳು. ಅವನೂ ಬಿಡಿಸಿಕೊಳ್ಳಲಿಲ್ಲ. ಅಷ್ಟು ಕಾಲ ಬಾಗಿಲಿಗೆ ಬಂದು ಹೋದದ್ದಕ್ಕೆ ಥ್ಯಾಂಕ್ಸ್ ಎಂದ, ನೆಲ ನೋಡಿಕೊಂಡು. ಪ್ರತಿ ಸಲ ಒಳಗೆ ಬಾಗಿಲ ಹಿಂದೆಯೇ ನಿಂತಿರುತ್ತಿದ್ದೆ ಎಂದೂ ಹೇಳಿದ. ನನಗೆ ಯಾರ ಕಡೆ ನೋಡುವುದೆಂದು ತಿಳಿಯದೆ ಕಾಫಿ ಬಗ್ಗಿಸಿದೆ. ಆ ಕ್ರೀಮು ಏನಾಯಿತು ಎಂದು ಅವನು ಕೇಳಿದ. ಬೀರುವಿನಲ್ಲಿದೆ ಎಂದೆ.

"ಹಚ್ಕೊಳ್ಳಿ," ಎಂದ ನನ್ನ ಮುಖವನ್ನೇ ನೋಡುತ್ತ. "ಅದರಲ್ಲೂ ನೀನು, ರೋಸ್ವಿಟಾ. ಹಗಲಿಂದೂ ರಾತ್ರಿದೂ ಎರಡೂ."

ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಅವತ್ತು ಅವನ ಆ ಮಾತು ಕೇಳಿ ದೇವರಿಗೆ ಕೈ ಮುಗಿಯಬೇಕೆನ್ನಿಸಿತು.

ಟ್ರೌಡೆಲ್ ಕನ್ನಡಕ ಹಾಕಿಕೊಂಡು ಪದಬಂಧಕ್ಕೆ ಕೂತಳು. ಇವಳು ಪದಬಂಧ ತುಂಬುವುದನ್ನು ನೀವು ನೋಡಬೇಕು. ಪೆನ್ನು ಎತ್ತುವುದೇ ಇಲ್ಲ, ಕಾಫಿ ಆರುವಷ್ಟರಲ್ಲಿ ಮುಗಿದಿರುತ್ತದೆ. ಅವತ್ತು ಮೊದಲನೆಯ ಪದಕ್ಕೇ ಸಿಕ್ಕಿಕೊಂಡಳು. ಹಣೆ ಉಜ್ಜಿದಳು, ಪೆನ್ನು ಕಚ್ಚಿದಳು.

"ಇಟಲಿಯ ನದಿ," ಎಂದಳು. "ಎರಡೇ ಅಕ್ಷರ. ಏನಿರಬಹುದು?"

ನಾನು ಬಾಯಿ ತೆರೆದೆ. ಪಿ ಮತ್ತು ಓ ಎಂದು ಎರಡೇ ಅಕ್ಷರದಲ್ಲಿ ಬರೆಯುವ ಪೋ ನದಿ ಇಲ್ಲದ ಪದಬಂಧವನ್ನೇ ಯಾರೂ ನೋಡಿಲ್ಲ. ಪದಬಂಧ ಬಿಡಿಸುವವರಿಗೆ ಅದು ತಮ್ಮ ಹೆಸರಿನಷ್ಟೇ ಚೆನ್ನಾಗಿ ಗೊತ್ತು. ಮೇಜಿನ ಕೆಳಗೆ ಟ್ರೌಡೆಲ್ ನನ್ನ ಕಾಲನ್ನು ಎಷ್ಟು ಜೋರಾಗಿ ಒದ್ದಳೆಂದರೆ ನನ್ನ ಕಪ್ಪಿನ ಕಾಫಿ ತಟ್ಟೆಗೆ ಚೆಲ್ಲಿತು. ಬಾಯಿ ಮುಚ್ಚಿದೆ.

ಆಲ್ಫೋನ್ಸ್ ಯೋಚಿಸಿದ. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಸರಿಯಾಗಿ ಕೂತ. ನಾನು ಅವನ ಮುಂದೆ ಕೇಕಿನ ತುಂಡು ಇಟ್ಟೆ, ಅವನು ಅದನ್ನು ನೋಡದೆಯೇ ತಿನ್ನತೊಡಗಿದ.

"ಪೋ," ಎಂದ.

"ಹೌದಲ್ಲ," ಎಂದು ಅವಳು ನಿಧಾನವಾಗಿ ಬರೆದಳು. "ಸದ್ಯ ನೀನಿದ್ದೆ."

ಮುಂದಿನದೂ ಅವಳಿಗೆ ಗೊತ್ತಿರಲಿಲ್ಲ. ಅದರ ಮುಂದಿನದೂ. ಬೆಟ್ಟಗಳು, ಹೂಗಳು, ಹಳೆಯ ನಾಣ್ಯಗಳು, ಅವಳಿಗೆ ಅವತ್ತು ಜಗತ್ತಿನ ಯಾವ ಹೆಸರೂ ನೆನಪಿಗೆ ಬರಲಿಲ್ಲ. ಅವನು ಕೆಲವನ್ನು ಹೇಳಿದ, ಕೆಲವಕ್ಕೆ ಜಗಳವಾಡಿದ, ಒಂದಕ್ಕೆ ಗೆರ್ಡಾಳನ್ನು ಬೇಲಿಯಿಂದ ಕೂಗಿ ಕರೆಸಬೇಕಾಯಿತು. ಪಾತ್ರೆಯಲ್ಲಿದ್ದ ಕಾಫಿ ಮುಗಿದು ಇನ್ನೊಮ್ಮೆ ಮಾಡಿದೆ. ಕೇಕಿನ ತಟ್ಟೆ ಖಾಲಿಯಾಗುವ ಹೊತ್ತಿಗೆ ಹೊರಗೆ ಬೀದಿದೀಪ ಹತ್ತಿತ್ತು. ಕೊನೆಗೆ ಟ್ರೌಡೆಲ್ ಉತ್ತರವನ್ನು ಕಾರ್ಡಿಗೆ ಇಳಿಸಿ ತನ್ನ ಹೆಸರು ಬರೆದಳು. ಅವನು ಅವಳ ಉಗುರು ಕತ್ತರಿ ಕೇಳಿ ತೆಗೆದುಕೊಂಡು, ಅಕ್ಷರಕ್ಕೆ ತಾಗದ ಹಾಗೆ ಆ ಒಂದು ಸಾಲನ್ನು ಕತ್ತರಿಸಿ ಅಂಗಿಯ ಜೇಬಿನಲ್ಲಿಟ್ಟ.

ಹೊರಡುವಾಗ ಟೋಪಿ ಹುಡುಕಿದ. ತಂದಿರಲಿಲ್ಲ, ತಲೆಯ ಮೇಲೆ ಕೈಯಾಡಿಸಿಕೊಂಡ. ಮುಂದಿನ ವಾರ ನಮ್ಮ ಮನೆಗೆ ಯಾವತ್ತು ಎಂದು ಕೇಳಿದ. ಶುಕ್ರವಾರ, ರೋಸ್ವಿಟಾ ಆದ ಮೇಲೆ ಎಂದಳು ಟ್ರೌಡೆಲ್. ಸರಿ ಎಂದು ಮೆಟ್ಟಿಲಿಳಿದ. ಅರ್ಧ ಇಳಿದವನು ನಿಂತು, ಹಿಂತಿರುಗಿ ಅವಳ ಕಡೆ ನೋಡಿದ.

"ಹಿಡಿಕೆಗೆ ಸಿಕ್ಕಿಸಿ ಹೋಗ್ಬೇಡ," ಎಂದ. "ಬೆಲ್ ಮಾಡು."